ಶಬ್ದಸಂಗ್ರಹ

ಸಾಗರದ ಸೀಮೆಯಲ್ಲಿ ಕಾರ್ತಿಕ ಮಾಸವೆಂದರೆ ಅಡಿಕೆಯ ಸುಗ್ಗಿ. ಹಗಲೆಲ್ಲ ಕೊನೆಗಾರನು ಮರದಿಂದ ಮರಕ್ಕೆ ತೂಗಿ ಕೊನೆಗಳನ್ನು ಇಳಿಸುತ್ತಾನೆ; ದೀಪ ಹಚ್ಚಿದ ಮೇಲೆ ಮನೆಯ ಅಂಗಳದಲ್ಲಿ ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತವೆ. ಈಗ ಅನೇಕ ಮನೆಗಳಿಗೆ ಸುಲಿಯುವ ಯಂತ್ರವು ಬಂದಿದೆ. ಯಂತ್ರ ಬಂದ ಮನೆಯಲ್ಲಿ ಕೆಲಸವೂ ಬೇಗ ಮುಗಿಯುತ್ತದೆ, ಮಾತೂ ಬೇಗ ಮುಗಿಯುತ್ತದೆ. ಇಲ್ಲಿ ಹೇಳಹೊರಟಿರುವ ಮನೆಗೆ ೨೦೨೩ನೆಯ ಇಸವಿಯವರೆಗೆ ಅದು ಬಂದಿರಲಿಲ್ಲ. ಆ ವರ್ಷ ಸುಲಿಯಲು ಕುಳಿತವರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದ ಮನೆಯ ಮಗಳೂ ಒಬ್ಬಳು. ಅವಳ ಬಲಗಡೆ ಸುಲಿದ ಅಡಿಕೆಯ ಬುಟ್ಟಿ. ಎಡಮೊಣಕಾಲಿನ ಬಳಿ ರಬ್ಬರಿನ ಬಳೆ ಹಾಕಿದ ಚೀಟಿಗಳ ಒಂದು ಕಟ್ಟು. ಒಂದು ಅಡಿಕೆ, ಒಂದು ಚೀಟಿಯತ್ತ ನೋಟ, ತುಟಿಯ ಸಣ್ಣ ಅಲುಗಾಟ. ಮತ್ತೆ ಒಂದು ಅಡಿಕೆ. ಇದನ್ನು ಎರಡು ರಾತ್ರಿ ನೋಡಿದ ಸೋದರತ್ತೆಯು ಮೂರನೆಯ ರಾತ್ರಿ ತಡೆಯಲಾರದೆ ಕೇಳಿದಳು: "ಏನೇ ಕೂಸೆ, ಯಾವ ದೇವರ ಅಷ್ಟೋತ್ತರ ಅದು?"

ಅಷ್ಟೋತ್ತರವು ದೇವರದಲ್ಲ, ಅಮೆರಿಕದ ಒಂದು ಪರೀಕ್ಷೆಯದು. ಗ್ರಾಜುಯೇಟ್ ರೆಕಾರ್ಡ್ ಎಕ್ಸಾಮಿನೇಷನ್ ಎಂಬ ಉದ್ದನೆಯ ಹೆಸರನ್ನು ವಿದ್ಯಾರ್ಥಿಗಳು ಜಿ. ಆರ್. ಈ. ಎಂದು ಮೊಟಕುಮಾಡಿದ್ದಾರೆ. ೧೯೩೬ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯ ಎಂಬ ನಾಲ್ಕು ವಿಶ್ವವಿದ್ಯಾಲಯಗಳೂ ಕಾರ್ನೆಗಿ ಪ್ರತಿಷ್ಠಾನವೂ ಕೂಡಿ ಇದನ್ನು ಒಂದು ಪ್ರಯೋಗವಾಗಿ ಆರಂಭಿಸಿದುವು. ಪದವೀಧರನು ಮೇಲಿನ ವ್ಯಾಸಂಗಕ್ಕೆ ತಕ್ಕವನೋ ಅಲ್ಲವೋ ಎಂಬುದನ್ನು ಅಳೆಯುವುದು ಅದರ ಉದ್ದೇಶ. ಒಂದು ಪ್ರಬಂಧ, ಒಂದಿಷ್ಟು ಗಣಿತ, ಒಂದಿಷ್ಟು ಭಾಷೆ. ಗಣಿತಕ್ಕೂ ಭಾಷೆಗೂ ಬೇರೆಬೇರೆಯಾಗಿ ೧೩೦ರಿಂದ ೧೭೦ರ ವರೆಗೆ ಅಂಕಗಳು. ಏನೊಂದೂ ಸರಿಯಾಗಿ ಬರೆಯದವನಿಗೂ ೧೩೦ ಕೊಡುವಷ್ಟು ಔದಾರ್ಯವು ಅದಕ್ಕೆ ಉಂಟು. ೨೦೨೦ರ ಪಿಡುಗಿನ ತರುವಾಯ ಅನೇಕ ವಿಶ್ವವಿದ್ಯಾಲಯಗಳು ಇದನ್ನು ಕಡ್ಡಾಯದ ಪಟ್ಟಿಯಿಂದ ತೆಗೆದುಹಾಕಿದುವು. ಆದರೆ ಈ ಹುಡುಗಿಗೆ ಬೇಕಾಗಿದ್ದ ವ್ಯಾಸಂಗಕ್ಕೆ ಅದು ಇನ್ನೂ ಬೇಕಾಗಿತ್ತು.

ಗಣಿತದ ಭಯ ಅವಳಿಗಿರಲಿಲ್ಲ, ಇಂಜಿನಿಯರಿಂಗು ಓದಿದವಳು. ಭಯವಿದ್ದದ್ದು ಭಾಷೆಗೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಕಲಿತು, ಆಮೇಲೆ ಯಂತ್ರಗಳಿಗೆ ಸಂಬಂಧಪಟ್ಟ ಇಂಗ್ಲಿಷನ್ನು ಚೆನ್ನಾಗಿ ಕಲಿತಿದ್ದಳು. ಮನುಷ್ಯರಿಗೆ ಸಂಬಂಧಪಟ್ಟ ಇಂಗ್ಲಿಷು ಬೇರೆಯೇ ಉಂಟೆಂದು ತಿಳಿದದ್ದು ಈ ಪರೀಕ್ಷೆಯಿಂದ. ಒಬ್ಬನು ಮಾತು ಕಡಮೆ ಆಡುತ್ತಾನೆ ಎನ್ನಲು ನಾಲ್ಕು ಪದ, ಹೆಚ್ಚು ಆಡುತ್ತಾನೆ ಎನ್ನಲು ಆರು ಪದ. ಒಂದು ಬಗೆಯ ಪ್ರಶ್ನೆಯಲ್ಲಂತೂ ವಾಕ್ಯದ ನಡುವೆ ಒಂದು ಪದವನ್ನು ಬಿಟ್ಟು, ಕೆಳಗೆ ಆರು ಪದಗಳನ್ನು ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥವನ್ನು ತರುವ ಎರಡನ್ನು ಆರಿಸೆನ್ನುತ್ತಾರೆ. ಒಂದು ಸರಿ, ಒಂದು ತಪ್ಪಾದರೆ ಅರ್ಧ ಅಂಕವೂ ಇಲ್ಲ.

ಅವಳ ಮೊದಲ ಸಿದ್ಧತೆಯು ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಲುದಾರಿಯಲ್ಲಿ ಕೊಂಡ ಒಂದು ಹಳೆಯ ಪುಸ್ತಕದಿಂದ ನಡೆಯಿತು. ಮೂರು ಸಾವಿರಕ್ಕೂ ಮೇಲ್ಪಟ್ಟು ಪದಗಳ ಪಟ್ಟಿ. ಅದರ ಹಿಂದೆ ವಿರುದ್ಧಪದಗಳ ಅಭ್ಯಾಸ ನೂರಾರು. ಎರಡು ತಿಂಗಳು ವಿರುದ್ಧಪದಗಳನ್ನು ಉರುಹೊಡೆದ ಮೇಲೆ, ೨೦೧೧ರ ಆಗಸ್ಟಿನಲ್ಲಿಯೇ ಆ ಬಗೆಯ ಪ್ರಶ್ನೆಗಳನ್ನು ತೆಗೆದುಹಾಕಿದ್ದಾರೆಂಬ ಸಂಗತಿಯು ಸ್ನೇಹಿತೆಯೊಬ್ಬಳಿಂದ ತಿಳಿಯಿತು. ಪುಸ್ತಕವು ಅಗ್ಗವಾಗಿ ಸಿಕ್ಕಿದ್ದೇಕೆ ಎಂಬುದೂ ಆಗ ತಿಳಿಯಿತು. ಅಕ್ಟೋಬರಿನಲ್ಲಿ ಪರೀಕ್ಷೆಗೆ ಕುಳಿತಳು. ಭಾಷೆಗೆ ಬಂದದ್ದು ೧೪೪. ಅಂಕವು ಆಗಲೇ ಗಣಕದ ತೆರೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಅಳುವವರು ಹೊರಗೆ ಬಂದು ಅಳಬೇಕು. ಅವಳು ಅಳಲಿಲ್ಲ, ಊರಿಗೆ ಬಂದಳು.

ಪಟ್ಟಿಯಿಂದ ಕಲಿತ ಪದಕ್ಕೆ ಒಂದು ದೋಷವುಂಟು: ಅದಕ್ಕೆ ಮನೆಯಿಲ್ಲ. ಅಕಾರಾದಿಯಾಗಿ ಬರೆದ ಪಟ್ಟಿಯಲ್ಲಿ ಪಕ್ಕಪಕ್ಕದಲ್ಲಿ ನಿಂತ ಎರಡು ಪದಗಳಿಗೆ ಒಂದರ ಗುರುತು ಇನ್ನೊಂದಕ್ಕಿರುವುದಿಲ್ಲ. ಬಸ್ಸಿನಲ್ಲಿ ಒಂದೇ ಆಸನದಲ್ಲಿ ಕುಳಿತವರ ಹಾಗೆ. ಇದನ್ನು ಮನೆಯ ಅಜ್ಜ ಕಂಡುಹಿಡಿದರು. ಅವರು ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರು. ಅದರಲ್ಲಿಯೂ ಪದಗಳೇ, ಸುಮಾರು ಒಂದೂವರೆ ಸಾವಿರ ಶ್ಲೋಕಗಳ ತುಂಬ ಪದಗಳಲ್ಲದೆ ಮತ್ತೇನೂ ಇಲ್ಲ. ಆದರೆ ಮೊದಲು ಸ್ವರ್ಗ, ಆಮೇಲೆ ಆಕಾಶ, ದಿಕ್ಕು, ಕಾಲ. ಎರಡನೆಯ ಕಾಂಡಕ್ಕೆ ಬಂದರೆ ಭೂಮಿ, ಊರು, ಬೆಟ್ಟ, ಮರಗಿಡ, ಮನುಷ್ಯ. ಹುಡುಗನು ಪದಗಳನ್ನು ಕಲಿಯುತ್ತ ಲೋಕವನ್ನೇ ಒಂದು ಸುತ್ತು ಬಂದುಬಿಡುತ್ತಾನೆ. ಜೊತೆಗೆ ಛಂದಸ್ಸು ಬೇರೆ. ಒಂದು ಪದ ಮರೆತರೆ ತಾಳವು ತಪ್ಪಿ ತಾನೇ ಕೂಗಿ ಹೇಳುತ್ತದೆ. ಅಜ್ಜನು ಮೊಮ್ಮಗಳ ಪುಸ್ತಕವನ್ನು ತಿರುವಿಹಾಕಿ, "ಇದಕ್ಕೆ ತಾಳವೂ ಇಲ್ಲ, ಊರೂ ಇಲ್ಲ. ನೀನೇ ಒಂದು ಊರು ಮಾಡಿಕೊಳ್ಳಬೇಕು" ಎಂದರು.

ಅವಳು ಊರನ್ನು ದೂರ ಹುಡುಕಲಿಲ್ಲ. ಪದಕ್ಕೊಂದು ಚೀಟಿ ಮಾಡಿದಳು. ಚೀಟಿಗೆ ದಪ್ಪ ಕಾಗದ ಬೇಕಾದಾಗ ತಾಯಿಯು ಅಟ್ಟದಿಂದ ಹಳೆಯ ಮದುವೆಯ ಕಾಗದಗಳ ಕಟ್ಟೊಂದನ್ನು ಇಳಿಸಿಕೊಟ್ಟಳು. ಹನ್ನೆರಡು ವರ್ಷದ ಲಗ್ನಪತ್ರಿಕೆಗಳು, ಒಂದೂ ಒಲೆಗೆ ಹೋಗಿರಲಿಲ್ಲ. ಒಂದು ಮಗ್ಗುಲಲ್ಲಿ ಗಣಪತಿಯೂ ವಧೂವರರ ಹೆಸರೂ. ಖಾಲಿ ಮಗ್ಗುಲಲ್ಲಿ ಮೇಲೆ ಇಂಗ್ಲಿಷು ಪದ, ಅದರ ಕೆಳಗೆ ಕನ್ನಡದ ಅರ್ಥ, ಅದಕ್ಕೂ ಕೆಳಗೆ ಆ ಪದಕ್ಕೆ ಒಪ್ಪುವ ಒಬ್ಬ ಮನುಷ್ಯನ ಹೆಸರು. ಹೆಸರುಗಳೆಲ್ಲ ಮನೆಯವರವು, ನೆರೆಹೊರೆಯವರವು. 'ಲೇಕಾನಿಕ್' ಎಂದರೆ ಮಿತಭಾಷಿ: ಅಪ್ಪಯ್ಯ. ಈ ಪದವು ಗ್ರೀಸಿನ ಲಕೋನಿಯ ಎಂಬ ನಾಡಿನಿಂದ ಬಂದದ್ದು; ಸ್ಪಾರ್ಟವು ಆ ನಾಡಿನ ಪಟ್ಟಣ. ನಿಮ್ಮ ನಾಡಿಗೆ ನಾನು ನುಗ್ಗಿದರೆ ಹೀಗೆ ಮಾಡುವೆನು, ಹಾಗೆ ಮಾಡುವೆನು ಎಂದು ಮ್ಯಾಸಿಡೋನಿಯದ ಫಿಲಿಪ್ ದೊರೆಯು ಬೆದರಿಸಿದಾಗ, ಅಲ್ಲಿಯವರು ಉತ್ತರವಾಗಿ 'ನುಗ್ಗಿದರೆ' ಎಂಬ ಒಂದೇ ಮಾತನ್ನು ಕಳುಹಿಸಿದರೆಂದು ಕಥೆ. ಅಪ್ಪಯ್ಯನು ಇಂಥ ಉತ್ತರವನ್ನು ದಿನವೂ ಕೊಡುತ್ತಿದ್ದನು. ವಿದ್ಯೆಯ ಸಾಲಕ್ಕಾಗಿ ಬ್ಯಾಂಕಿಗೆ ತೋಟದ ಪತ್ರಗಳನ್ನು ಒಯ್ದು, ಮೂರು ತಾಸು ಕುಳಿತು ಬಂದ ದಿವಸ ಏನಾಯಿತೆಂದು ಕೇಳಿದರೆ, "ನೋಡೋಣ" ಎಂದನು.

ಆ ಸಾಲದಿಂದಲೂ ಒಂದು ಚೀಟಿಯಾಯಿತು. 'ಸ್ಯಾಂಕ್ಷನ್' ಎಂಬ ಪದವನ್ನು ಮಲೆನಾಡಿನ ಯಾವ ರೈತನೂ ಬಲ್ಲನು. ಸಾಲವು ಸ್ಯಾಂಕ್ಷನ್ ಆಗಬೇಕು, ಅಷ್ಟೆ. ಆದರೆ ಅದೇ ಪದಕ್ಕೆ ದಂಡನೆ, ನಿರ್ಬಂಧ ಎಂಬ ಎದುರಿನ ಅರ್ಥವೂ ಉಂಟೆಂದು ಪುಸ್ತಕವು ಹೇಳಿತು. ಸಾಲ ಕೊಡುವವನ ಬಾಯಲ್ಲಿ ಎರಡೂ ಒಂದೇ ಪದವಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ಅಜ್ಜನ ಅಭಿಪ್ರಾಯ.

ಅತ್ತೆಯ ಪ್ರಶ್ನೆಯ ತರುವಾಯ ಅಡಿಕೆ ಸುಲಿಯುವ ರಾತ್ರಿಗಳು ಪಾಠಶಾಲೆಯಾದುವು. ಹುಡುಗಿಯು ಇಂಗ್ಲಿಷಿನ ಪದದ ಅರ್ಥವನ್ನು ಸುತ್ತಿಬಳಸಿ ವಿವರಿಸುವಳು. ಕೆಲಸಕ್ಕೆ ಬಂದ ಹೆಂಗಸರೂ ಅತ್ತೆಯೂ ಅದಕ್ಕೆ ತಮ್ಮ ಮಾತನ್ನು ಹುಡುಕುವರು. 'ಇಕ್ವಿವೊಕೇಟ್' ಎಂದರೆ ಹೌದೂ ಎನ್ನದೆ ಅಲ್ಲವೂ ಎನ್ನದೆ ಎರಡಕ್ಕೂ ಹೊಂದುವಂತೆ ಮಾತನಾಡುವುದು ಎಂದು ಅವಳು ಮುಗಿಸುವ ಮೊದಲೇ, "ಅಡ್ಡಗೋಡೆಯ ಮೇಲೆ ದೀಪ ಇಡುವುದು ಅನ್ನು" ಎಂದಳು ಅತ್ತೆ. 'ಪೆಡಂಟ್' ಎಂಬುವನು ಪುಸ್ತಕದ ಬದನೆಕಾಯಿ ಎಂದು ತೀರ್ಮಾನವಾಗಿ, ಎಲ್ಲರೂ ಅಜ್ಜನ ಕಡೆ ನೋಡಿ ನಕ್ಕರು, ಅಜ್ಜನೂ ನಕ್ಕರು. ಎಲ್ಲಕ್ಕಿಂತ ಸೊಗಸಾದದ್ದು 'ಎನರ್ವೇಟ್' ಎಂಬ ಪದದ ಕಥೆ. ಕೇಳಿದರೆ ಶಕ್ತಿ ತುಂಬುವುದೆಂಬ ಹಾಗೆ ತೋರುತ್ತದೆ. ಹುಡುಗಿಯು ಅಭ್ಯಾಸದ ಪ್ರಶ್ನೆಗಳಲ್ಲಿ ಮೂರು ಸಲ ಹಾಗೆಯೇ ಮೋಸಹೋಗಿದ್ದಳು. ನಿಜವಾದ ಅರ್ಥ ಶಕ್ತಿಗುಂದಿಸುವುದು. ಲ್ಯಾಟಿನಿನಲ್ಲಿ ನರವನ್ನು ಹೊರಕ್ಕೆ ತೆಗೆಯುವುದು ಎಂದು. "ನರಸತ್ತ ಹಾಗೆ ಮಾಡುವುದು" ಎಂದಳು ಕತ್ತಿಯಿಂದ ತಲೆಯೆತ್ತದೆ ಒಬ್ಬ ಹೆಂಗಸು. ರೋಮಿನವರೂ ಸಾಗರದವರೂ ದಣಿದ ಮನುಷ್ಯನಲ್ಲಿ ಒಂದನ್ನೇ ಕಂಡಿದ್ದರು. ನಾಲ್ಕನೆಯ ಸಲ ಹುಡುಗಿಯು ಮೋಸಹೋಗಲಿಲ್ಲ. ಕೈಯಲ್ಲಿದ್ದ ಅಡಿಕೆಯೂ ಇಂಗ್ಲಿಷಿನೊಳಗೆ ಇದೆಯೆಂದು, ಮಲೆಯಾಳದವರ ಬಾಯಿಂದ ಪೋರ್ಚುಗೀಸರು ಅದನ್ನು ಕೊಂಡೊಯ್ದು 'ಅರೇಕ' ಮಾಡಿದರೆಂದು ಅವಳು ಹೇಳಿದಾಗ, "ಮಾಲು ನಮ್ಮ ಕಡೆಯದು, ಮಂಡಿ ಅವರದು" ಎಂದು ಅತ್ತೆಯು ಮುಂದಿನ ಅಡಿಕೆಗೆ ಕೈಹಾಕಿದಳು.

ಚೀಟಿಗಳ ಅಡಿಯಲ್ಲಿದ್ದ ಹೆಸರುಗಳನ್ನು ಮಾತ್ರ ಹುಡುಗಿಯು ಯಾರಿಗೂ ತೋರಿಸುತ್ತಿರಲಿಲ್ಲ. ತೋರಿಸುವಂತೆಯೂ ಇರಲಿಲ್ಲ. ಒಂದು ಬೆಳಗ್ಗೆ ತಾಯಿಯು ಅಂಗಳದ ಸಿಪ್ಪೆ ಗುಡಿಸುತ್ತಿದ್ದಾಗ ಒಂದು ಚೀಟಿ ಸಿಕ್ಕಿತು. ಮೇಲಿನ 'ಪಾರ್ಸಿಮೋನಿಯಸ್' ಎಂಬ ಪದವು ಅವಳಿಗೆ ಬೇಕಾಗಿರಲಿಲ್ಲ. ಅದರ ಕೆಳಗೆ ಕನ್ನಡದಲ್ಲಿ 'ಜಿಪುಣ, ಲೋಭಿ' ಎಂದಿತ್ತು. ಅದಕ್ಕೂ ಕೆಳಗೆ 'ಅಮ್ಮ' ಎಂದಿತ್ತು.

ತಾಯಿಯು ಹಾಗೆ ಬದುಕಿದವಳೇ ಹೌದು. ಒಂದೇ ಪುಡಿಗೆ ಎರಡು ಸಲ ಕಾಫಿಯ ಡಿಕಾಕ್ಷನ್ನು ಇಳಿಸುವಳು. ಅಂಗಡಿಯ ಪೊಟ್ಟಣದ ದಾರವನ್ನು ಬಿಚ್ಚಿ ಉಂಡೆಸುತ್ತುವಳು. ಮಗಳು ಬೆಂಗಳೂರಿನಿಂದ ತಂದ ಸೀರೆಯನ್ನು ಉಡದೆ ಪೆಟ್ಟಿಗೆಯಲ್ಲಿಟ್ಟವಳು. ಚೀಟಿಯನ್ನು ಬರೆದದ್ದು ಯಾರ ಜಿಪುಣತನದಿಂದ ಉಳಿದ ಕಾಗದದ ಮೇಲೆ ಎಂಬುದು ಮಾತ್ರ ಬರೆಯುವಾಗ ಮಗಳಿಗೆ ಹೊಳೆದಿರಲಿಲ್ಲ. ಸಂಜೆ ಕಟ್ಟನ್ನು ಬಿಚ್ಚಿದಾಗ ಆ ಚೀಟಿಯು ಎಲ್ಲಕ್ಕಿಂತ ಮೇಲೆ ಇತ್ತು. ಮಣ್ಣನ್ನು ಒರಸಿ ಇಟ್ಟಿದ್ದರು. ಮಗಳ ಮುಖವು ಬಿಳುಪೇರಿತು. ತಾಯಿಯು ಏನೂ ಆಡಲಿಲ್ಲ. ಎಂದಿನಂತೆ ಬಡಿಸಿದಳು, ಎಂದಿನಂತೆ ಸುಲಿದಳು. ಹೀಗೆ ಎಂಟು ದಿನ. ಬೈಗುಳಕ್ಕಾದರೆ ಉತ್ತರವುಂಟು, ಎಂದಿನಂತೆ ಇರುವುದಕ್ಕೆ ಏನು ಉತ್ತರ?

ಅಷ್ಟರಲ್ಲಿ ಎರಡನೆಯ ಸಲಕ್ಕೆ ಹೆಸರು ಕೊಡುವ ದಿನವು ಬಂತು. ಒಂದು ಸಲ ಕುಳಿತವರು ೨೧ ದಿನ ಕಳೆದ ಮೇಲೆ ಮತ್ತೆ ಕೂರಬಹುದು. ಆದರೆ ಪ್ರತಿ ಸಲವೂ ಇಪ್ಪತ್ತು ಸಾವಿರ ರೂಪಾಯಿಗೂ ಮೇಲ್ಪಟ್ಟ ಶುಲ್ಕ. ಮೊದಲ ಸಲದ ಹಣವು ಅವಳ ಸಂಬಳದ್ದು, ಈಗ ಸಂಬಳವಿಲ್ಲ. ಅಡಿಕೆಯು ಬೆಂದು, ಒಣಗಿ, ಮಂಡಿಗೆ ಹೋಗಿ ದುಡ್ಡಾಗುವುದಕ್ಕೆ ಇನ್ನೂ ಕಾಲವಿತ್ತು. ಆದ ಮೇಲೆಯೂ ಮಂಡಿಯ ಹಳೆಯ ಬಾಕಿಗೆ ಅದರಲ್ಲಿ ಪಾಲಿತ್ತು. ಹುಡುಗಿಯು ಯಾರನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ತಾಯಿಯು ಸ್ವಸಹಾಯ ಸಂಘದ ಸಭೆಯಿಂದ ಬಂದವಳು ಸೆರಗಿನ ಗಂಟನ್ನು ಬಿಚ್ಚಿ, ನೋಟುಗಳನ್ನು ಮಗಳ ಪುಸ್ತಕದ ಮೇಲೆ ಇಟ್ಟಳು. ಏಳು ವರ್ಷ ವಾರವಾರವೂ ಕಟ್ಟಿದ್ದ ಹಣ, ಅದರ ಮೇಲೆ ಎತ್ತಿದ್ದ ಸ್ವಲ್ಪ ಸಾಲ.

"ಎಣಿಸಿಕೊ, ಕೂಸೆ" ಎಂದಳು. "ಜಿಪುಣಿಯ ದುಡ್ಡು. ಒಂದು ನೋಟು ಕಡಮೆ ಬಿದ್ದರೂ ಬಿದ್ದಿರಬಹುದು."

ಹೇಳಿ ಒಳಗೆ ಹೋದಳು. ನಗುತ್ತಿದ್ದಳೋ ಇಲ್ಲವೋ ಮಗಳಿಗೆ ಕಾಣಲಿಲ್ಲ.

ಆ ರಾತ್ರಿ ಹುಡುಗಿಯು ಸುಲಿಯಲು ಕೂರದೆ ಚೀಟಿಗಳನ್ನು ಹರಡಿಕೊಂಡು ಕುಳಿತಳು. ಹಣವನ್ನು ಕೈಬಿಡದವನಿಗೆ ಇಂಗ್ಲಿಷಿನಲ್ಲಿ ಪದಗಳ ಒಂದು ವಂಶವೇ ಇದೆ. 'ಮೈಸರ್ಲಿ' ಎಂಬುದು ಅತ್ತ ಕೊನೆ. 'ಪಾರ್ಸಿಮೋನಿಯಸ್' ಅದರ ದಾಯಾದಿ. 'ಥ್ರಿಫ್ಟಿ' ಎಂದರೆ ಹೊಗಳಿಕೆಯೇ. 'ಫ್ರೂಗಲ್' ಎಂಬುದು ಲ್ಯಾಟಿನಿನಲ್ಲಿ ಫಲ ಎಂಬುದಕ್ಕಿರುವ ಮಾತಿನಿಂದ ಹುಟ್ಟಿದ್ದು. ಪರೀಕ್ಷೆಯು ಕೇಳುವುದೂ ಇದನ್ನೇ: ಇವುಗಳಲ್ಲಿ ಯಾವ ಎರಡು ಒಂದೇ ವಾಕ್ಯದಲ್ಲಿ ಕೂರಬಲ್ಲವು, ಯಾವುದು ಕೂತರೆ ವಾಕ್ಯವು ಸುಳ್ಳಾಗುವುದು? ಅವಳು ಅಜ್ಜನನ್ನು ಕೇಳಿದಳು. ಅಜ್ಜನಿಗೆ ಚೀಟಿಯ ಸಂಗತಿಯು ತಿಳಿದಿತ್ತೆಂದು ತೋರುತ್ತದೆ. "ಸಂಸ್ಕೃತದಲ್ಲಿ ಕೃಪಣ ಎಂದರೆ ಜಿಪುಣನೂ ಹೌದು, ಮರುಕಕ್ಕೆ ಪಾತ್ರನಾದ ದೀನನೂ ಹೌದು. ನಿನ್ನ ಅಮ್ಮನನ್ನು ಕಂಡರೆ ನಿನಗೆ ಮರುಕವಾಗುತ್ತದೆಯೇ?" ಎಂದರು. ಇಲ್ಲವೆಂದಳು. "ಹಾಗಾದರೆ ಆ ಪದ ಅಲ್ಲ, ಬೇರೆ ನೋಡು."

ಬೇರೆಯದು ಪಟ್ಟಿಯ ಕೊನೆಯಲ್ಲಿ ಸಿಕ್ಕಿತು. ಸಿಕ್ಕಿದಾಗ ಅವಳಿಗೆ ನಾಚಿಕೆಯಾಯಿತು, ಏಕೆಂದರೆ ಅದನ್ನು ಅವಳು ನಾಲ್ಕು ವರ್ಷ ತಿಂಗಳು ತಿಂಗಳೂ ಸಂಬಳದ ಚೀಟಿಯಲ್ಲಿ ಓದಿದ್ದಳು. ಪ್ರಾವಿಡೆಂಟ್ ಫಂಡಿನ 'ಪ್ರಾವಿಡೆಂಟ್'. ಕಚೇರಿಗೆ ಹೋಗುವ ಲಕ್ಷಾಂತರ ಜನರು ಆಡುವ, ಅರ್ಥವನ್ನು ಒಬ್ಬರೂ ಕೇಳದ ಪದ. ಮುಂದೆ ಬರುವುದನ್ನು ಕಂಡು ಅದಕ್ಕಾಗಿ ಇಂದು ಕೂಡಿಡುವವರು ಎಂದು ಅದರ ಅರ್ಥ. ಮುಂದಕ್ಕೆ ನೋಡುವುದು ಎಂಬುದು ಅದರ ಮೂಲ. ಅವಳು ಹೊಸ ಚೀಟಿಯೊಂದನ್ನು ಬರೆದು ಅಡಿಯಲ್ಲಿ ಹೆಸರನ್ನು ಬರೆದಳು. ಹಳೆಯದನ್ನು ಹರಿಯಲಿಲ್ಲ, 'ಅಮ್ಮ' ಎಂಬುದನ್ನು ಹೊಡೆದುಹಾಕಿ, ಹಿಂದಿನ ವರ್ಷ ಅಡಿಕೆಯ ತೂಕದಲ್ಲಿ ಮೋಸಮಾಡಿದ್ದ ಒಬ್ಬ ವ್ಯಾಪಾರಿಯ ಹೆಸರನ್ನು ಹಾಕಿದಳು. ಅವನು ಲೋಭಿಯೋ ವಂಚಕನೋ ಎಂಬುದು ಮತ್ತೊಂದು ಚೀಟಿಯ ವಿಷಯ. ಎರಡನ್ನೂ ಕಟ್ಟಿನ ಮೇಲೆಯೇ ಇಟ್ಟು, ಬೆಳಗಿನ ಗುಡಿಸುವ ಹೊತ್ತಿಗೆ ಅಂಗಳದಲ್ಲಿ ಬಿಟ್ಟಳು.

ಡಿಸೆಂಬರಿನ ಕೊನೆಯ ವಾರ ಬೆಂಗಳೂರಿನಲ್ಲಿ ಮತ್ತೆ ಪರೀಕ್ಷೆ. ೨೦೨೩ರ ಸೆಪ್ಟೆಂಬರಿನಿಂದ ಅದನ್ನು ಎರಡು ಗಂಟೆಗೆ ಎರಡು ನಿಮಿಷ ಕಡಮೆ ಮಾಡಿದ್ದಾರೆ. ಭಾಷೆಯ ಭಾಗದಲ್ಲಿ ೨೭ ಪ್ರಶ್ನೆಗಳು, ೪೧ ನಿಮಿಷ. ನೂರಾರು ಚೀಟಿಗಳಲ್ಲಿ ಪ್ರಶ್ನೆಗಳಿಗೆ ಬಂದವು ಐದೋ ಆರೋ. 'ಪ್ರಾವಿಡೆಂಟ್' ಬರಲೇ ಇಲ್ಲ. ಭಾಷೆಗೆ ೧೫೫ ಬಂತು, ಬೇಕಾದಷ್ಟಾಯಿತು. ಊರಿಗೆ ದೂರವಾಣಿಯಲ್ಲಿ ತಿಳಿಸಿದಾಗ ಅಪ್ಪಯ್ಯನು "ಆಯಿತು" ಎಂದನು. ಸಾಲವು ಜೂನಿನಲ್ಲಿ ಸ್ಯಾಂಕ್ಷನ್ ಆಯಿತು, ಯಾವ ಅರ್ಥದಲ್ಲಿ ಎಂಬುದನ್ನು ಕಂತು ಕಟ್ಟುವ ವರ್ಷಗಳು ಹೇಳಬೇಕು.

೨೦೨೪ರ ಆಗಸ್ಟಿನಲ್ಲಿ ಅವಳು ಹೋದಳು. ಚೀಟಿಗಳ ಕಟ್ಟು ಮನೆಯಲ್ಲಿಯೇ ಉಳಿಯಿತು. ದೀಪಾವಳಿಯ ದಿನ ಮಾತನಾಡುತ್ತಿದ್ದಾಗ, ತಾಯಿಯು ಕೈಯಲ್ಲಿ ಹಿಡಿದಿದ್ದ ಯಂತ್ರವನ್ನು ಅತ್ತಿತ್ತ ತಿರುಗಿಸಿ ಅಡುಗೆಮನೆಯ ಗೂಡನ್ನು ತೋರಿಸಿದಳು. ಅಲ್ಲಿ ಮೊಳೆಗೆ ಚುಚ್ಚಿದ ಚೀಟಿಗಳ ಗೊಂಚಲು. ಅರ್ಥದ ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ತಾಯಿಯ ದುಂಡನೆಯ ಅಕ್ಷರದಲ್ಲಿ ಹಾಲಿನ ಲೆಕ್ಕ. ಎಲ್ಲಕ್ಕಿಂತ ಮೇಲಿನದು 'ಪ್ರಾಡಿಗಲ್, ದುಂದುಗಾರ' ಎಂಬ ಚೀಟಿ. ಅದರಲ್ಲಿ ಇನ್ನೂ ನಾಲ್ಕು ದಿನದ ಲೆಕ್ಕಕ್ಕೆ ಸ್ಥಳವಿತ್ತು.