ಇಪ್ಪತ್ತನಾಲ್ಕು ಕ್ಯಾಸೆಟ್ಟುಗಳು

ಅಪರಿಗ್ರಹವೆಂಬ ಶಬ್ದವನ್ನು ಬಾಲ್ಯದಿಂದಲೂ ಕೇಳುತ್ತ ಬೆಳೆದವರು ನಾವು. ಆದರೆ ಅದನ್ನು ಕೇಳಿದಾಗಲೆಲ್ಲ ನಮ್ಮ ಮನಸ್ಸಿಗೆ ಬರುವುದು ಹೊಲ, ಮನೆ, ಚಿನ್ನ, ಬೆಳ್ಳಿ, ಧಾನ್ಯಗಳೇ. ಸಾಧಾರಣ ಸಂಬಳದ ಗೃಹಸ್ಥನು ‘ಇವು ಯಾವುವೂ ನನ್ನಲ್ಲಿ ಮಿತಿಮೀರಿ ಇಲ್ಲ, ಈ ವ್ರತದ ವಿಷಯದಲ್ಲಿ ನನಗೆ ಭಯವಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ನಾನೂ ಹಾಗೆಯೇ ಭಾವಿಸಿದ್ದೆ. ಚಿನ್ನದ ಗಣಿಯ ಊರಿನಲ್ಲಿ ಬದುಕಿಯೂ ನನ್ನ ಪರಿಗ್ರಹ ಚಿನ್ನವಾಗಿರಲಿಲ್ಲ. ಅದು ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಸುತ್ತಿಟ್ಟ, ಅರ್ಧ ಅಂಗುಲ ಅಗಲದ ಕಪ್ಪು ಟೇಪಾಗಿತ್ತು. ದೂರದರ್ಶನದ ‘ಮಹಾಭಾರತ’ದಲ್ಲಿ ಕರ್ಣನ ಪಾತ್ರ ವಹಿಸಿದ್ದ ಪಂಕಜ್ ಧೀರ್ ಅವರು 2025ರ ಅಕ್ಟೋಬರಿನಲ್ಲಿ ನಿಧನರಾದ ಸುದ್ದಿಯನ್ನು ಓದಿದಾಗ, ಮೂವತ್ತು ವರ್ಷಗಳಿಗೂ ಮೀರಿ ಯಾರೊಡನೆಯೂ ಆಡದಿದ್ದ ಮಾತೊಂದನ್ನು ಬರೆಯಬೇಕೆನಿಸಿತು.

ಎಂಬತ್ತರ ದಶಕದಲ್ಲಿ ನಾನು ಕೋಲಾರ ಚಿನ್ನದ ಗಣಿ ಪ್ರದೇಶದ ನಂದಿದುರ್ಗದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿ ಎಂಬ ಮೂರು ಹೆಸರುಗಳು ಅಲ್ಲಿನ ಜನರಿಗೆ ಮೂರು ಊರುಗಳಿದ್ದಂತೆ. ಗಣಿಯ ಸುತ್ತ ಕಾರ್ಮಿಕರ ಲೈನು ಮನೆಗಳು, ಅವುಗಳ ಆಚೆ ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಬೂದುಗುಡ್ಡಗಳು. ಜನರಲ್ಲಿ ಬಹುಪಾಲು ತಮಿಳರು. ನಮ್ಮಂಥ ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು. ಆದರೂ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಭಾಷೆಯ ಭೇದ ಮರೆತುಹೋಗುತ್ತಿತ್ತು. ಟಿ.ವಿ. ಇದ್ದ ಮನೆಯ ನಡುಮನೆಯೆಲ್ಲ ತುಂಬಿ, ಕಿಟಕಿಯ ಸರಳುಗಳನ್ನು ಹಿಡಿದು ಮಕ್ಕಳು ನಿಲ್ಲುತ್ತಿದ್ದರು. ಸಂಭಾಷಣೆ ಹಿಂದಿಯಲ್ಲಿ, ಅದನ್ನು ಬಲ್ಲವರು ಒಬ್ಬಿಬ್ಬರು. ಕಥೆಯಾದರೋ ಎಲ್ಲರಿಗೂ ಗೊತ್ತಿದ್ದದ್ದೇ.

1987ರ ಜನವರಿ 25ರಂದು ಆರಂಭವಾದ ‘ರಾಮಾಯಣ’ವು 1988ರ ಜುಲೈ 31ಕ್ಕೆ ಮುಗಿದಾಗ, ಅದರ ಒಂದು ಕಂತನ್ನೂ ಉಳಿಸಿಕೊಳ್ಳಲಿಲ್ಲವೆಂಬ ಕೊರಗು ನನ್ನನ್ನು ಹಿಡಿಯಿತು. ಕಂತಿನ ಮೇಲೆ ಒಂದು ವಿ.ಸಿ.ಆರ್. ಕೊಂಡೆ. ಅದೇ ಅಕ್ಟೋಬರ್ 2ರಂದು ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಮೊದಲ್ಗೊಂಡಾಗ ಯಂತ್ರದ ಮುಂದೆ ಸಿದ್ಧನಾಗಿ ಕುಳಿತಿದ್ದೆ. 1990ರ ಜೂನ್ 24ರವರೆಗೆ 94 ಕಂತುಗಳು. ಮೂರು ಗಂಟೆಯ ಒಂದು ಕ್ಯಾಸೆಟ್ಟಿಗೆ, ಜಾಹೀರಾತುಗಳನ್ನು ಬಿಟ್ಟರೆ, ನಾಲ್ಕು ಕಂತುಗಳು ಹಿಡಿಯುತ್ತಿದ್ದವು. ಜಾಹೀರಾತು ಬಂದೊಡನೆ ಗುಂಡಿಯೊತ್ತಿ ನಿಲ್ಲಿಸುವುದು, ಕಥೆ ಮುಂದುವರಿದ ಕ್ಷಣದಲ್ಲಿ ಮತ್ತೆ ಒತ್ತುವುದು ನನ್ನ ಕೆಲಸ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನನ್ನನ್ನು ಮಾತನಾಡಿಸುವಂತಿರಲಿಲ್ಲ. ಕ್ಯಾಸೆಟ್ಟು ತುಂಬಿದೊಡನೆ ಅದರ ಬೆನ್ನಿನ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡುತ್ತಿದ್ದೆ. ಆಮೇಲೆ ಅದರ ಮೇಲೆ ಬೇರೇನೂ ಮುದ್ರಣವಾಗಲಾರದು.

ತಂಗಿಯ ಮಗನ ನಾಮಕರಣ ಭಾನುವಾರವೆಂದು ಅದಕ್ಕೆ ಹೋಗಲಿಲ್ಲ. ವಿದ್ಯುತ್ತು ಹೋಗಿ ಒಂದು ಕಂತಿನಲ್ಲಿ ಹತ್ತು ನಿಮಿಷ ತಪ್ಪಿದಾಗ, ಅಷ್ಟನ್ನು ತುಂಬಿಸಿಕೊಂಡು ಬರಲು ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಂಗಳೂರಿನ ಮಿತ್ರರ ಮನೆಗೆ ಹೋದೆ. ಕಚೇರಿಯ ಅಭ್ಯಾಸದಂತೆ ಒಂದು ರಿಜಿಸ್ಟರನ್ನೂ ಇಟ್ಟಿದ್ದೆ: ಕ್ರಮಸಂಖ್ಯೆ, ಕಂತು, ಪ್ರಸಾರದ ದಿನ, ಕೊನೆಯಲ್ಲಿ ‘ಪಡೆದವರು’, ‘ಕೊಟ್ಟ ದಿನ’, ‘ಹಿಂದೆ ಬಂದ ದಿನ’. ಈ ಮೂರು ಅಂಕಣಗಳನ್ನು ಗೆರೆ ಎಳೆದು ಬಿಟ್ಟಿದ್ದೆನೇ ಹೊರತು ಅವುಗಳಲ್ಲಿ ಒಂದಕ್ಷರವನ್ನೂ ಬರೆಯುವ ಉದ್ದೇಶ ನನಗಿರಲಿಲ್ಲ.

ಕೊನೆಗೆ ಲೆಕ್ಕ ಹಾಕಿದಾಗ ಕ್ಯಾಸೆಟ್ಟುಗಳು 24 ಆಗಿದ್ದವು. ತೀರ್ಥಂಕರರ ಸಂಖ್ಯೆಯೇ ಬಂತೆಂದು ಹಿಗ್ಗಿದೆ. ಹಲವು ವರ್ಷಗಳ ಬಳಿಕ, ಚಾತುರ್ಮಾಸದ ಒಂದು ಪ್ರವಚನದಲ್ಲಿ ಪಂಡಿತರು ಪರಿಗ್ರಹದ ಭೇದಗಳನ್ನು ಎಣಿಸಿದರು. ಹೊಲ ಮನೆ ಮೊದಲಾದ ಬಾಹ್ಯ ಪರಿಗ್ರಹಗಳು ಹತ್ತು. ಮಿಥ್ಯಾತ್ವ, ಕ್ರೋಧ, ಮಾನ, ಲೋಭ ಮೊದಲಾದ ಆಂತರಿಕ ಪರಿಗ್ರಹಗಳು ಹದಿನಾಲ್ಕು. ಒಟ್ಟು ಎಷ್ಟಾಯಿತೆಂದು ಅವರು ಕೇಳುವ ಮೊದಲೇ ನನ್ನ ಮನಸ್ಸು ಕೂಡಿಸಿ ಮುಗಿಸಿತ್ತು. ಆ ಹೊತ್ತಿಗೆ ನಾನು ಹೇಳಬೇಕೆಂದಿರುವ ಘಟನೆ ನಡೆದುಹೋಗಿತ್ತು.

ನಮ್ಮ ಮನೆಯಿಂದ ಇಳಿಜಾರಿನಲ್ಲಿ ಕೆಳಗಿದ್ದ ಲೈನಿನಲ್ಲಿ ಒಬ್ಬ ಹಿರಿಯರಿದ್ದರು. ಭೂಮಿಯ ಕೆಳಗೆ ವರ್ಷಗಟ್ಟಲೆ ದುಡಿದು ನಿವೃತ್ತರಾದವರು. ಕಲ್ಲಿನ ದೂಳು ಶ್ವಾಸಕೋಶದಲ್ಲಿ ನಿಂತು ಬರುವ ಕಾಯಿಲೆ ಅವರಿಗಿತ್ತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲಬೇಕು. ಆದರೂ ಭಾನುವಾರ ನಿಧಾನವಾಗಿ ಏರಿ ಬಂದು, ನಮ್ಮ ಬಾಗಿಲ ಬಳಿಯ ಜಾಗದಲ್ಲಿ ಕುಳಿತು ನೋಡುತ್ತಿದ್ದರು. ಅವರ ಪ್ರಾಣವೆಲ್ಲ ಕರ್ಣನ ಮೇಲೆ. 1964ರಲ್ಲಿ ಬಿ.ಆರ್. ಪಂತುಲು ಅವರು ಶಿವಾಜಿ ಗಣೇಶನ್ ಅವರನ್ನು ಕರ್ಣನನ್ನಾಗಿಸಿ ತೆಗೆದ ತಮಿಳು ಚಿತ್ರವನ್ನು ಎಷ್ಟು ಸಲ ನೋಡಿದ್ದರೋ ಅವರಿಗೇ ಲೆಕ್ಕವಿರಲಿಲ್ಲ. ನಮ್ಮ ಆದಿಕವಿ ಪಂಪನೂ ಅರ್ಜುನನನ್ನು ನಾಯಕನನ್ನಾಗಿಟ್ಟುಕೊಂಡ ಕಾವ್ಯದಲ್ಲಿ ಕರ್ಣನಿಗೆ ತನ್ನ ಹೃದಯವನ್ನು ತೆತ್ತವನೆಂದು ನಾನು ಹೇಳಿದಾಗ, ‘ಹಾಗಾದರೆ ಆತ ದೊಡ್ಡ ಮನುಷ್ಯ ಸಾರ್’ ಎಂದಿದ್ದರು.

ಕರ್ಣನು ಕವಚಕುಂಡಲಗಳನ್ನು ಕೊಯ್ದು ಕೊಡುವ ಕಂತು ಪ್ರಸಾರವಾದ ಭಾನುವಾರ ಅವರು ಆಸ್ಪತ್ರೆಯಲ್ಲಿದ್ದರು. 1991ರ ಮಳೆಗಾಲದಲ್ಲಿ ಒಂದು ಸಂಜೆ ಮಗನ ಭುಜ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬಹಳ ಹೊತ್ತು ಉಸಿರು ಸುಧಾರಿಸಿಕೊಂಡು ಹೇಳಿದರು:

‘ಸಾರ್, ಕರ್ಣ ದಾನ ಕೊಡೋದು ನಾನು ನೋಡಲೇ ಇಲ್ಲ. ಆ ಒಂದು ಕ್ಯಾಸೆಟ್ಟು ಒಂದು ದಿನಕ್ಕೆ ಕೊಡ್ತೀರಾ? ಮಗ ಬಾಡಿಗೆಗೆ ವಿ.ಸಿ.ಆರ್. ತರ್ತಾನೆ. ನಾಳೆ ಸಾಯಂಕಾಲಕ್ಕೆ ತಂದುಕೊಡ್ತಾನೆ.’

ನಾನು ಹೇಳಿದೆ: ‘ಅಣ್ಣಾ, ಬಾಡಿಗೆಯ ಮಷೀನುಗಳಲ್ಲಿ ಹೆಡ್ಡು ಕೊಳೆಯಾಗಿರುತ್ತದೆ. ಟೇಪು ಸಿಕ್ಕಿಕೊಂಡರೆ ಇಡೀ ಸೆಟ್ಟು ಹಾಳಾಗುತ್ತದೆ. ನೀವು ಯಾವಾಗ ಬೇಕಾದರೂ ಇಲ್ಲಿಗೇ ಬನ್ನಿ, ಹಾಕಿ ತೋರಿಸುತ್ತೇನೆ.’

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಊರೂರು ಸುತ್ತುವ ಬಾಡಿಗೆಯ ಯಂತ್ರಗಳು ಟೇಪನ್ನು ನುಂಗಿಹಾಕುತ್ತಿದ್ದುದು ನಿಜ. ಆದರೆ ನಮ್ಮ ಮನೆಯವರೆಗೆ ಏರಿ ಬರಲು ಅವರಿಗೆ ಎಷ್ಟು ಕಷ್ಟವೆಂಬುದು ನನ್ನ ಕಣ್ಣೆದುರಿಗೇ ಇತ್ತು. ಆ ಸಂಜೆಯೇ ‘ಕುಳಿತುಕೊಳ್ಳಿ, ಈಗಲೇ ಹಾಕುತ್ತೇನೆ’ ಎನ್ನಬಹುದಾಗಿತ್ತು. ಅಥವಾ ನನ್ನ ಯಂತ್ರವನ್ನೇ ಹೊತ್ತುಕೊಂಡು ಕೆಳಗಿಳಿಯಬಹುದಾಗಿತ್ತು. ಈ ಎರಡೂ ನನಗೆ ಹೊಳೆಯಲಿಲ್ಲ. ನನಗೆ ಆಗ ಕಾಣುತ್ತಿದ್ದುದು ಸಾಲಿನಲ್ಲಿ ನಿಂತ 24 ಕ್ಯಾಸೆಟ್ಟುಗಳು, ಅವುಗಳ ನಡುವೆ ಒಂದು ಖಾಲಿ ಜಾಗ. ಅವರು ‘ಸರಿ ಸಾರ್, ಬರ್ತೀನಿ’ ಎಂದು ಎದ್ದರು. ಮತ್ತೆ ಬರಲಿಲ್ಲ. ಎರಡು ತಿಂಗಳು ಕಳೆಯುವುದರೊಳಗೆ ತೀರಿಕೊಂಡರು.

ಮಾತನಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿ ಯಾವ ಅಸಮಾಧಾನವನ್ನೂ ತೋರಿಸಲಿಲ್ಲ. ನನಗೆ ಸಮಾಧಾನವಾಗಲೆಂದೇ ಹೇಳಿದರು: ‘ಅವತ್ತು ಮಗ ಬೇಜಾರು ಮಾಡ್ಕೊಂಡ ಸಾರ್. ಇವರೇ ಅವನನ್ನ ಬೈದರು. ಅವರು ದೇವರ ಪುಸ್ತಕದ ಹಾಗೆ ಜೋಪಾನ ಮಾಡಿದಾರೆ, ಕೇಳಿದ್ದೇ ನಮ್ಮ ತಪ್ಪು ಅಂದರು.’

ಯಾರಾದರೂ ನನ್ನನ್ನು ನಿಂದಿಸಿದ್ದರೆ ಉತ್ತರ ಕೊಡುತ್ತಿದ್ದೆ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ನಾವು ಬಂಗಾರಪೇಟೆಗೆ ಬಂದೆವು. ಕ್ಯಾಸೆಟ್ಟುಗಳು ಟ್ರಂಕಿನಲ್ಲಿ ಅಟ್ಟ ಸೇರಿದವು. ಕೆಲವು ಮಳೆಗಾಲಗಳು ಕಳೆದ ಮೇಲೆ ತೆರೆದು ನೋಡಿದರೆ, ಎಂಟು ಕ್ಯಾಸೆಟ್ಟುಗಳ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಕರ್ಣನ ಕಂತಿದ್ದ ಕ್ಯಾಸೆಟ್ಟು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. 1991ರ ಆ ಸಂಜೆಯ ನಂತರ ಅದನ್ನು ಯಂತ್ರಕ್ಕೆ ಹಾಕಲು ನನಗೇ ಮನಸ್ಸು ಬಂದಿರಲಿಲ್ಲ. ಮುಂದೆ ಅದೇ ಧಾರಾವಾಹಿ ಡಿಸ್ಕುಗಳ ಪೂರ್ಣ ಸೆಟ್ಟಾಗಿ ಅಂಗಡಿಗೆ ಬಂತು. ಜಪಾನಿನ ಕಂಪನಿಯೊಂದು 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸುವುದರೊಂದಿಗೆ ಹೊಸ ವಿ.ಸಿ.ಆರ್. ಎಂಬುದೇ ಇಲ್ಲವಾಯಿತು. 2020ರ ಮಾರ್ಚ್ 28ರಿಂದ, ಲಾಕ್‌ಡೌನಿನ ದಿನಗಳಲ್ಲಿ, ದೂರದರ್ಶನವು ‘ರಾಮಾಯಣ’ವನ್ನೂ ‘ಮಹಾಭಾರತ’ವನ್ನೂ ಮರುಪ್ರಸಾರ ಮಾಡಿತು. ನಾನು ನೆರೆಯವರಿಗೆ ಒಂದು ದಿನದ ಮಟ್ಟಿಗೆ ಕೊಡಲೊಲ್ಲದೆ ಕಾಪಾಡಿದ್ದು ದೇಶದ ಮನೆಮನೆಗೂ ಉಚಿತವಾಗಿ ಬಂತು.

ಹಾಗೆಂದ ಮಾತ್ರಕ್ಕೆ ಸಂಗ್ರಹವೇ ಪಾಪವೆಂದು ನಾನು ಹೇಳಲಾರೆ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು 1960 ಮತ್ತು 70ರ ದಶಕಗಳಲ್ಲಿ ತನ್ನ ಅನೇಕ ಕಾರ್ಯಕ್ರಮಗಳ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಕೊಂಡಿತು. ‘ಡಾಕ್ಟರ್ ಹೂ’ ಎಂಬ ಹೆಸರಾಂತ ಧಾರಾವಾಹಿಯ ಹಲವು ಕಂತುಗಳ ಚಿತ್ರ ಹೀಗೆ ನಷ್ಟವಾದರೂ ಅವುಗಳ ಧ್ವನಿ ಉಳಿದಿರುವುದು, ಮನೆಯಲ್ಲಿ ಕುಳಿತು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಸಾಮಾನ್ಯ ಪ್ರೇಕ್ಷಕರಿಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ, ಗ್ರಂಥಪಾಲಕಿಯಾಗಿದ್ದವರು, ದಶಕಗಳ ಕಾಲ ಹಗಲಿರುಳು ಟಿ.ವಿ. ವಾರ್ತೆಗಳನ್ನು ಮುದ್ರಿಸಿಕೊಂಡು 2012ರಲ್ಲಿ ತೀರಿಕೊಂಡಾಗ ಸುಮಾರು 70 ಸಾವಿರ ಟೇಪುಗಳಿದ್ದವು. ಅವು ಇಂದು ಸಾರ್ವಜನಿಕ ಸಂಗ್ರಹಾಲಯವೊಂದರ ಪಾಲಾಗಿವೆ. ನನ್ನ 24ರ ಮುಂದೆ ಅವರ 70 ಸಾವಿರ ಎಷ್ಟೋ ದೊಡ್ಡದು. ಆದರೂ ಅವು ಕೊನೆಗೆ ಲೋಕದ ಕೈ ಸೇರಿದವು. ಪರಿಗ್ರಹದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ವಸ್ತುವಿನ ಪ್ರಮಾಣವನ್ನು ಹೇಳದೆ, ಅದರ ಮೇಲಿನ ಮೂರ್ಛೆಯನ್ನು, ಎಂದರೆ ಮೈಮರೆಸುವ ಮಮತೆಯನ್ನು ಹೇಳಿದ್ದು ಏಕೆಂದು ನನಗೆ ತಡವಾಗಿ ತಿಳಿಯಿತು.

ನಮ್ಮಲ್ಲಿಯೇ ಇದಕ್ಕಿಂತ ಹತ್ತಿರದ ನಿದರ್ಶನವಿದೆ. ಷಟ್ಖಂಡಾಗಮದ ಧವಳಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಮೂಡಬಿದಿರೆಯಲ್ಲಿ ದರ್ಶನಕ್ಕೆ ಮಾತ್ರ ದೊರೆಯುವ ನಿಧಿಯಾಗಿದ್ದವು. ಅಲ್ಲಿ ಅವುಗಳನ್ನು ಕಾಪಾಡಿದವರ ಋಣ ದೊಡ್ಡದು. ಆದರೆ ಆ ಶಾಸ್ತ್ರ ವಿದ್ವಾಂಸರ ಕೈ ಸೇರಿದ್ದು ಪ್ರತಿಗಳಾದ ಮೇಲೆ, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಅಚ್ಚಾದ ಮೇಲೆ. ಅದಕ್ಕೂ ಸಾವಿರ ವರ್ಷ ಮುಂಚೆ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವು ಪ್ರತಿವರ್ಷ ಸಭೆಗಳಲ್ಲಿ ಹೇಳುತ್ತೇವೆ. ಆಕೆ ಒಂದೇ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ ಅದೂ ಕಾಪಾಡಿದಂತೆಯೇ ಕಾಣುತ್ತಿತ್ತು.

ಈ ಮಾತನ್ನು ಬಸದಿಗಳ ಟ್ರಸ್ಟಿನ ಸದಸ್ಯರಲ್ಲಿಯೂ ಹಿರಿಯರಲ್ಲಿಯೂ ಅರಿಕೆ ಮಾಡಿಕೊಳ್ಳಬಯಸುತ್ತೇನೆ. ಪಂಚಕಲ್ಯಾಣಗಳ, ಮುನಿಗಳ ಪ್ರವಚನಗಳ, 1981 ಮತ್ತು 1993ರ ಮಹಾಮಸ್ತಕಾಭಿಷೇಕಗಳ ವಿಡಿಯೋ ಕ್ಯಾಸೆಟ್ಟುಗಳು ನಮ್ಮ ಬೀರುಗಳಲ್ಲಿ ಇನ್ನೂ ಇರಬಹುದು. ಅವುಗಳಲ್ಲಿ ಕೆಲವಕ್ಕೆ ಜಗತ್ತಿನಲ್ಲಿ ಬೇರೆ ಪ್ರತಿಯೇ ಇರಲಾರದು. ತೇವವು ಟೇಪನ್ನು ತಿನ್ನುತ್ತದೆ. ಓಡಿಸುವ ಯಂತ್ರಗಳೂ ಅವನ್ನು ರಿಪೇರಿ ಮಾಡಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ತಾವೇ ಯಂತ್ರಕ್ಕೆ ಹಾಕದೆ, ಬಲ್ಲವರಿಂದ ಒರೆಸಿ ಕಂಪ್ಯೂಟರಿಗೆ ಇಳಿಸಿ, ಎರಡು ಮೂರು ಕಡೆ ಪ್ರತಿಗಳನ್ನಿಡಬೇಕು; ಕೇಳಿದವರಿಗೆ ಕೊಡಬೇಕು. ಇದರ ಜೊತೆಗೆ ಒಂದು ಎಚ್ಚರಿಕೆ: ಪರರು ನಿರ್ಮಿಸಿದ ಧಾರಾವಾಹಿಯನ್ನು ಪ್ರತಿಮಾಡಿ ಮಾರುವುದು ಅಚೌರ್ಯಕ್ಕೆ ವಿರುದ್ಧ. ನಾನು ಹೇಳುತ್ತಿರುವುದು ನಾವೇ ತೆಗೆಸಿದ ಚಿತ್ರಗಳ ಮಾತು. ನೆರೆಯವರು ಒಂದು ದಿನಕ್ಕೆ ಕೇಳಿದ ಕ್ಯಾಸೆಟ್ಟನ್ನು ಕೊಡುವುದಕ್ಕಂತೂ ಯಾವ ವ್ರತವೂ ಅಡ್ಡಬರುತ್ತಿರಲಿಲ್ಲ.

1993ರಲ್ಲಿ ನಮ್ಮ ಕುಟುಂಬ ಶ್ರವಣಬೆಳಗೊಳಕ್ಕೆ ಹೋಗಿದ್ದಾಗ ಬಂಧುವೊಬ್ಬರು ತೆಗೆದ ಒಂದು ಕ್ಯಾಸೆಟ್ಟು ನನ್ನ ಟ್ರಂಕಿನಲ್ಲಿತ್ತು. ಅದರಲ್ಲಿದ್ದ ಹಿರಿಯರಲ್ಲಿ ಅನೇಕರು ಇಂದು ಇಲ್ಲ. ಕಳೆದ ವರ್ಷ ಅದನ್ನು ಇಳಿಸಿ ಪ್ರತಿಗಳನ್ನು ಮಾಡಿಸಿದೆ. ಯಾರಿಗೆ ಕೊಟ್ಟೆನೆಂದು ಗುರುತಿಡಲು ಪುಸ್ತಕ ಹುಡುಕಿದಾಗ ಸಿಕ್ಕಿದ್ದು ಅದೇ ಹಳೆಯ ರಿಜಿಸ್ಟರು. 24 ಸಾಲುಗಳ ಕೆಳಗೆ ಹೊಸ ಸಾಲು ತೆರೆದು, ‘ಪಡೆದವರು’ ಎಂಬ ಅಂಕಣದಲ್ಲಿ ಮೊದಲ ಬಾರಿಗೆ ಹೆಸರುಗಳನ್ನು ಬರೆದೆ. ಇದುವರೆಗೆ ಹನ್ನೊಂದು ಹೆಸರುಗಳಾಗಿವೆ. ‘ಹಿಂದೆ ಬಂದ ದಿನ’ವನ್ನು ಖಾಲಿ ಬಿಟ್ಟಿದ್ದೇನೆ. ಆದರೆ ಅವುಗಳ ಮೇಲಿನ ಸಾಲುಗಳಲ್ಲಿ, 1991ರ ಎದುರು, ಇರಬೇಕಾಗಿದ್ದ ಒಂದು ಹೆಸರನ್ನು ಈಗ ಬರೆಯುವಂತಿಲ್ಲ.