ಒಂದೇ ಹೆಸರಿನ ಎರಡು ಪೊಂಪೇಯಿಗಳು

ಹೆಸರು ಒಂದಾದ ಮಾತ್ರಕ್ಕೆ ವಸ್ತುವೂ ಒಂದೇ ಆಗಬೇಕೆಂಬ ನಿಯಮವಿಲ್ಲ. ‘ಹರಿ’ ಎಂಬ ಶಬ್ದವು ವಿಷ್ಣುವಿಗೂ ಸಿಂಹಕ್ಕೂ ಕಪಿಗೂ ಸಲ್ಲುವುದೆಂದು ಅಮರಕೋಶವನ್ನೋದಿದ ಬಾಲಕನೂ ಬಲ್ಲನು. ಊರುಗಳ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುವುದುಂಟು. ಇಟಲಿ ದೇಶದ ಪೊಂಪೇಯಿಯು ಇದಕ್ಕೆ ತಕ್ಕ ನಿದರ್ಶನ.

ನೇಪಲ್ಸ್ ನಗರಕ್ಕೆ ಆಗ್ನೇಯದಲ್ಲಿ, ವೆಸೂವಿಯಸ್ ಅಗ್ನಿಪರ್ವತದ ತಪ್ಪಲಿನ ಬಯಲಿನಲ್ಲಿ, ಈ ಹೆಸರಿನ ಎರಡು ಊರುಗಳು ಮಗ್ಗುಲು ಮಗ್ಗುಲಾಗಿರುವುವು. ಪಶ್ಚಿಮದ್ದು ನಿರ್ಜನವಾದ ರೋಮನ್ ಪಟ್ಟಣ. ಪೂರ್ವದ್ದು ಜನರು ಬಾಳುತ್ತಿರುವ ಹೊಸ ಊರು. ಸಂಸ್ಕೃತದಲ್ಲಿ ‘ಪಂಚಾಲಾಃ’, ‘ಕಲಿಂಗಾಃ’ ಎಂದು ದೇಶನಾಮಗಳು ಬಹುವಚನದಲ್ಲಿ ಬರುವಂತೆ, ಲ್ಯಾಟಿನ್ನಿನಲ್ಲಿ ಹಳೆಯ ಪಟ್ಟಣದ ಹೆಸರೂ ಬಹುವಚನವೇ. ಅದರ ಕೊನೆಗೆ ಎರಡು ಇಕಾರಗಳು. ಇಂದಿನ ಇಟಾಲಿಯನ್ನರು ಎರಡೂರುಗಳನ್ನೂ ಒಂದೇ ಇಕಾರದಿಂದ ಬರೆಯುವರು. ಆದಕಾರಣ ಯಾತ್ರಿಕನು ರೈಲು ನಿಲ್ದಾಣದ ಪೂರ್ಣನಾಮವನ್ನು ಓದಿಕೊಳ್ಳಬೇಕು. ‘ಪೊಂಪೇಯಿ ಸ್ಕಾವಿ’, ಎಂದರೆ ಉತ್ಖನನದ ನಿಲ್ದಾಣವು, ಹಳೆಯ ಪಟ್ಟಣದ್ದು. ‘ಪೊಂಪೇಯಿ ಸಾಂತುವಾರಿಯೋ’, ಎಂದರೆ ಪುಣ್ಯಕ್ಷೇತ್ರದ ನಿಲ್ದಾಣವು, ಹೊಸ ಊರಿನದು.

ಹಳೆಯ ಪಟ್ಟಣವು ಕ್ರಿ. ಶ. 79ರಲ್ಲಿ ಬೆಟ್ಟವು ಉಗುಳಿದ ಬೂದಿಯಲ್ಲಿಯೂ ಕಲ್ಲಿನಲ್ಲಿಯೂ ಹೂತುಹೋಯಿತು. ಕಾಲಕ್ರಮದಲ್ಲಿ ಅದರ ಹೆಸರೂ ಆ ಸ್ಥಳದಿಂದ ಅಳಿಯಿತು. ಸುತ್ತಲಿನ ರೈತರು ಆ ದಿಬ್ಬವನ್ನು ‘ಚಿವಿತಾ’, ಅಂದರೆ ‘ಪಟ್ಟಣ’, ಎಂದಷ್ಟೇ ಕರೆಯುತ್ತಿದ್ದರು. 1748ರಲ್ಲಿ ಅಗೆಯತೊಡಗಿದವರು ಸಹ ಅದನ್ನು ಸ್ತಾಬಿಯೇ ಎಂಬ ಬೇರೊಂದು ಊರೆಂದು ತಿಳಿದಿದ್ದರು. 1763ರಲ್ಲಿ ದೊರೆತ ಒಂದು ಶಿಲಾಶಾಸನದಿಂದ ನಿಜವಾದ ಹೆಸರು ತಿಳಿದುಬಂದಿತು. ಈಗ ಅಲ್ಲಿ ಬಂಡಿಗಾಲಿಗಳು ಸವೆಸಿದ ಕಲ್ಲುಹಾದಿಗಳನ್ನೂ, ರೊಟ್ಟಿಯಂಗಡಿಗಳ ಬೀಸುಕಲ್ಲುಗಳನ್ನೂ, ಗೋಡೆಯ ಮೇಲಿನ ಚಿತ್ರಗಳನ್ನೂ ಕಾಣಬಹುದು. ಮಡಿದವರ ದೇಹಗಳು ಕರಗಿ ಬೂದಿಯಲ್ಲಿ ಉಳಿದಿದ್ದ ಪೊಳ್ಳುಗಳಿಗೆ 1863ರಲ್ಲಿ ಫಿಯೊರೆಲ್ಲಿ ಎಂಬ ವಿದ್ವಾಂಸರು ಗಚ್ಚನ್ನು ಹೊಯ್ಯಿಸಿ ತೆಗೆಸಿದ ರೂಪಗಳನ್ನು ನೋಡಿದವರ ಮನಸ್ಸು ಕರಗದಿರದು.

ನಮ್ಮ ದೇಶದ ಒಂದು ಕುರುಹೂ ಅಲ್ಲಿ ಸಿಕ್ಕಿತು. 1938ರಲ್ಲಿ ಒಂದು ಮನೆಯಲ್ಲಿ ದೊರೆತ ಭಾರತೀಯ ದಂತದ ಸ್ತ್ರೀಪ್ರತಿಮೆಯು ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿರುವುದು. ಅದಕ್ಕೆ ‘ಲಕ್ಷ್ಮಿ’ ಎಂಬ ಹೆಸರು ರೂಢಿಯಾಗಿದ್ದರೂ ಅದು ಯಕ್ಷಿಯಿರಬೇಕೆಂದು ಅನೇಕ ಪಂಡಿತರ ಮತ. ಇಲ್ಲಿಯೂ ಹೆಸರು ಒಂದು, ವಸ್ತು ಒಂದು!

ಹೊಸ ಊರು ಹಳೆಯದರ ಸಂತಾನವಲ್ಲ. ಇವೆರಡರ ನಡುವೆ ಸಾವಿರದ ಎಂಟುನೂರು ವರ್ಷಗಳ ಅಂತರವುಂಟು. ಬಾರ್ತೊಲೊ ಲೊಂಗೊ ಎಂಬ ವಕೀಲರು ಒಬ್ಬ ಜಮೀನುದಾರಿಣಿಯ ಆಸ್ತಿಯನ್ನು ನೋಡಿಕೊಳ್ಳಲು 1872ರಲ್ಲಿ ಇಲ್ಲಿಗೆ ಬಂದಾಗ, ಚಳಿಜ್ವರಕ್ಕೆ ತವರಾದ ಈ ಕಣಿವೆಯಲ್ಲಿ ಕೆಲವು ಬಡ ಒಕ್ಕಲು ಮನೆಗಳಿದ್ದುವು. ಅವರು 1876ರಲ್ಲಿ ಮೇರಿಮಾತೆಯ ದೇವಾಲಯಕ್ಕೆ ಅಸ್ತಿಭಾರ ಹಾಕಿಸಿದರು. ಅದರ ಸುತ್ತ ಅನಾಥಾಲಯ, ಶಾಲೆ, ಮನೆಗಳು ಬೆಳೆದುವು. ಅಪರಾಧಿಗಳ ಮಕ್ಕಳು ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಶಾಸ್ತ್ರಜ್ಞರು ವಾದಿಸುತ್ತಿದ್ದ ಆ ಕಾಲದಲ್ಲಿ ಲೊಂಗೊ ಅವರು 1892ರಲ್ಲಿ ಸೆರೆಯಾಳುಗಳ ಮಕ್ಕಳಿಗಾಗಿಯೇ ಒಂದು ಆಶ್ರಯವನ್ನು ತೆರೆದು, ಅವರಿಗೆ ವಿದ್ಯೆಯನ್ನೂ ಕಸಬನ್ನೂ ಕಲಿಸಿದರು. ತಂದೆಯ ಹೆಸರಿನಿಂದ ಮಗನನ್ನು ಅಳೆಯಬಾರದೆಂಬುದನ್ನು ಅವರು ಕಾರ್ಯದಿಂದ ತೋರಿಸಿಕೊಟ್ಟರು. 1928ರಲ್ಲಿ ಈ ಊರು ಸ್ವತಂತ್ರ ಪೌರಸಭೆಯಾಯಿತು. ಲೊಂಗೊ ಅವರನ್ನು 2025ರಲ್ಲಿ ಅವರ ಧರ್ಮಸಭೆಯು ಸಂತರೆಂದು ಘೋಷಿಸಿತು.

ದೂರದೇಶದ ಪ್ರವಾಸಿಗಳಲ್ಲಿ ಅನೇಕರು ಹಾಳೂರನ್ನು ನೋಡಿ, ಬಾಳುವ ಊರನ್ನು ನೋಡದೆ ಮರಳುವರು. ವಾಚಕರಲ್ಲಿ ಯಾರಾದರೂ ಆ ಕಡೆಗೆ ಹೋದರೆ, ಹಳೆಯ ಪಟ್ಟಣದ ಪೂರ್ವದ ಅಂಚಿನಲ್ಲಿರುವ ಅಂಡಾಕಾರದ ಕ್ರೀಡಾಂಗಣವನ್ನು ನೋಡಿದ ಬಳಿಕ ಇನ್ನೂ ಸ್ವಲ್ಪ ದೂರ ನಡೆಯಲಿ. ದೇವಾಲಯದ ಗೋಪುರವು ಕಣ್ಣೆದುರಿಗೆ ಬರುವುದು. ಅಲ್ಲಿ ಶಾಲೆ ಬಿಟ್ಟ ಮಕ್ಕಳ ದನಿಯೂ ಕೇಳಿಸೀತು.