ಬೀಜ ಉಳಿಸೋಕೆ ಆಗುತ್ತಾ?

ಕೈ, ಕಾಲು, ಹೊಟ್ಟೆ ಎಲ್ಲದಕ್ಕೂ ನಮ್ಮ ಮನೇಲಿ ಹೆಸರಿದೆ. ವೃಷಣಕ್ಕೆ ಮಾತ್ರ 'ಆ ಜಾಗ' ಅಷ್ಟೇ. ಹಾಗಾಗಿ ಅಕ್ಕ ಫೋನ್ ಮಾಡಿ ಐದು ವರ್ಷದ ಮಗನ ವಿಷಯ ಹೇಳಿದಾಗ ನನಗೆ ಅರ್ಥವಾಗೋಕೇ ಎರಡು ನಿಮಿಷ ಹಿಡೀತು. ಸ್ನಾನ ಮಾಡಿಸುವಾಗ ಬಲಗಡೆ ಬೀಜದಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತ್ತಂತೆ. ನೋವಿಲ್ಲ. "ಯಾರಿಗೂ ಹೇಳ್ಬೇಡ, ನಾಳೆ ಮದುವೆಗೆ ತೊಂದರೆ ಅಂತಾರೆ ಕಣೋ ನಮ್ಮತ್ತೆ" ಅಂದಳು. ಐದು ವರ್ಷದವನ ಮದುವೆ!

ಮೊದಲು ತೋರಿಸಿದ ಕಡೆ "ಗಡ್ಡೆ ಇದ್ರೆ ಬೀಜಾನೇ ತೆಗೀಬೇಕು" ಅಂದುಬಿಟ್ಟರು. ದೊಡ್ಡವರಲ್ಲಾದರೆ ಆ ಮಾತಿಗೆ ಕಾರಣವಿದೆ, ಬೀಜದೊಳಗಿನ ಗಟ್ಟಿ ಗಡ್ಡೆ ಅವರಲ್ಲಿ ಬಹುಪಾಲು ಕ್ಯಾನ್ಸರೇ. ಹರೆಯಕ್ಕೆ ಬರದ ಮಕ್ಕಳ ಲೆಕ್ಕ ಬೇರೆ. ಇವರಲ್ಲಿ ಇಂಥ ಗಡ್ಡೆಯೇ ಅಪರೂಪ, ಬಂದರೂ ಅಪಾಯವಿಲ್ಲದವುಗಳ ಪಾಲು ದೊಡ್ಡದು. ಇದನ್ನು ಹೇಳಿದ್ದು ಆಮೇಲೆ ನೋಡಿದ ಮಕ್ಕಳ ಸರ್ಜನ್.

ಅಲ್ಟ್ರಾಸೌಂಡ್‌ನಲ್ಲಿ ಗಂಟು ಅಡ್ಡ ಕೊಯ್ದ ಈರುಳ್ಳಿ ಥರ ಪದರ ಪದರವಾಗಿ ಕಾಣಿಸಿತು. ಎಪಿಡರ್ಮಾಯ್ಡ್ ಸಿಸ್ಟ್ ಇರಬಹುದು ಅಂದರು. ಅದರೊಳಗೆ ತುಂಬಿರೋದು ಕೆರಾಟಿನ್, ನಮ್ಮ ಉಗುರು-ಕೂದಲಲ್ಲಿ ಇರೋದೇ. ಜೊತೆಗೆ ಎಎಫ್‌ಪಿ ಅನ್ನೋ ರಕ್ತಪರೀಕ್ಷೆ. ಚಿಕ್ಕ ಮಕ್ಕಳ ಯೋಕ್ ಸ್ಯಾಕ್ ಕ್ಯಾನ್ಸರ್‌ನಲ್ಲಿ ಇದು ಸಾಮಾನ್ಯವಾಗಿ ಏರಿರುತ್ತೆ, ಇವನದು ನಾರ್ಮಲ್. (ಹಸುಗೂಸುಗಳಲ್ಲಿ ಹುಟ್ಟಿನಿಂದಲೇ ಜಾಸ್ತಿ ಇರುತ್ತೆ, ಬರೀ ನಂಬರ್ ನೋಡಿ ಗಾಬರಿಯಾಗೋ ಹಾಗಿಲ್ಲ.)

"ಹಾಗಾದ್ರೆ ಉಳಿಸೋಕೆ ಆಗುತ್ತಾ?" ಅಂತ ಕೇಳಿದ್ದು ನಾನೇ. ಭಾವನಿಗೆ ಬಾಯಿ ಬರ್ತಿರಲಿಲ್ಲ.

ಪ್ರಯತ್ನ ಮಾಡಬಹುದು ಅಂದರು. ಚೀಲದ ಮೇಲೆ ಕೊಯ್ಯೋದಿಲ್ಲ, ತೊಡೆಸಂದಿಯಿಂದ ಬೀಜ ಹೊರತಂದು, ರಕ್ತನಾಳ ಕಟ್ಟಿಹಿಡಿದು, ಗಂಟನ್ನಷ್ಟೇ ಬಿಡಿಸ್ತಾರೆ. ಮಗು ಟೇಬಲ್ ಮೇಲಿರುವಾಗಲೇ ಅದನ್ನು ಫ್ರೋಜನ್ ಸೆಕ್ಷನ್‌ಗೆ ಕಳಿಸ್ತಾರೆ. ಕ್ಯಾನ್ಸರ್ ಅಂತ ಬಂದರೆ ಪೂರ್ತಿ ತೆಗೀತಾರೆ, ಇಲ್ಲಾಂದ್ರೆ ಬೀಜವನ್ನು ವಾಪಸ್ ಅದರ ಜಾಗಕ್ಕೆ ಇಟ್ಟು ಹೊಲೀತಾರೆ. ಎರಡಕ್ಕೂ ಒಂದೇ ಫಾರ್ಮಿನಲ್ಲಿ ಭಾವ ಸಹಿ ಹಾಕಿದರು. ಮುಕ್ಕಾಲು ಗಂಟೆ ಕಾದೆವು. ನನ್ನ ಕೆಲಸದಲ್ಲಿ ಎಷ್ಟೋ ರಿಸಲ್ಟ್‌ಗಳಿಗೆ ಕಾದಿದ್ದೀನಿ, ಇದು ಅಂಥದ್ದಲ್ಲ. ಕೊನೆಗೆ ನರ್ಸ್ ಬಂದು "ಸಿಸ್ಟೇ, ಬೀಜ ಉಳೀತು" ಅಂದರು. ವಾರದ ನಂತರ ಬಂದ ಪೂರ್ತಿ ಪೆಥಾಲಜಿ ರಿಪೋರ್ಟೂ ಅದನ್ನೇ ಹೇಳಿತು. ಕೀಮೋ, ಗೀಮೋ ಏನೂ ಬೇಕಾಗಲಿಲ್ಲ.

ಇದು ನೋವಿಲ್ಲದ ಗಂಟಿನ ಮಾತು. ಹುಡುಗರಿಗೆ ಬೀಜದಲ್ಲಿ ದಿಢೀರ್ ನೋವು ಬಂದರೆ ವಿಷಯವೇ ಬೇರೆ. ಬೀಜ ತಿರುಚಿಕೊಂಡಿದ್ದರೆ ಉಳಿಸೋಕೆ ಸಿಗೋದು ಸುಮಾರು 6 ಗಂಟೆ. ಬೆಳಿಗ್ಗೆ ನೋಡೋಣ ಅನ್ನದೆ ರಾತ್ರಿಯೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.